ಅಲೈಡ್ ಹೆಲ್ತ್ ಕೋರ್ಸ್: ಸಾಲ, ಸಂಬಳ ಪಕ್ಕಪಕ್ಕ ನೋಡೋದು ಹೇಗೆ

ಅಮೆರಿಕದಲ್ಲಿ ಎಕ್ಸ್-ರೇ, ರೆಸ್ಪಿರೇಟರಿ ಥೆರಪಿ (ಉಸಿರಾಟದ ಚಿಕಿತ್ಸೆ) ತರಹದ, ಅಂದರೆ ಅಲೈಡ್ ಹೆಲ್ತ್‌ನ 2 ವರ್ಷದ ಅಸೋಸಿಯೇಟ್ ಡಿಗ್ರಿಗೆ ಸೇರೋ ಮುಂಚೆ, ಅಲ್ಲಿನ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ವೆಬ್‌ಸೈಟ್‌ನಲ್ಲಿ ಕಾಲೇಜಿನ ಹೆಸರು ಹಾಕಿ ನೇರ ‘ಫೀಲ್ಡ್ಸ್ ಆಫ್ ಸ್ಟಡಿ’ಗೆ (ಓದುವ ವಿಭಾಗಗಳ ಪಟ್ಟಿ) ಹೋಗಿ. ಆ ಕಾಲೇಜಿನಲ್ಲಿ ಆ ವಿಭಾಗ ಮುಗಿಸಿದವರ ಮೀಡಿಯನ್ (ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ ಇರೋ ನಡು ಅಂಕಿ) ಸಂಬಳ, ಸಾಲ ಎರಡೂ ಸಿಗುತ್ತವೆ. ಇಡೀ ಕಾಲೇಜಿನ ಅಂಕಿ ನೋಡಿದರೆ ಉಪಯೋಗವಿಲ್ಲ, ಅದರಲ್ಲಿ ನರ್ಸಿಂಗ್‌ನವರೂ ಆಫೀಸ್ ಕೆಲಸದ ಕೋರ್ಸಿನವರೂ ಕಲಸಿಹೋಗಿರುತ್ತಾರೆ. ಹತ್ತಿರದ ಕಮ್ಯುನಿಟಿ ಕಾಲೇಜನ್ನೂ (ಸರ್ಕಾರಿ 2 ವರ್ಷದ ಕಾಲೇಜು) ಖಾಸಗಿ ಕಾಲೇಜನ್ನೂ ಹೀಗೇ ಹೋಲಿಸಿ. ಸಂಬಳ ಹೆಚ್ಚುಕಮ್ಮಿ ಒಂದೇ, ಸಾಲ ಮಾತ್ರ ಜಾಸ್ತಿ ಅಂದರೆ ಸುಮ್ನೆ ಯಾಕೆ ಅಲ್ವಾ? ಒಟ್ಟು ಸಾಲ ಮೊದಲ ವರ್ಷದ ಸಂಬಳ ದಾಟಬಾರದು. ನನ್ನ ಕೇಳಿದರೆ ಆ ಸಂಬಳದ ಅರ್ಧಕ್ಕೇ ನಿಲ್ಲಬೇಕು. ಸ್ಕೋರ್‌ಕಾರ್ಡ್ ಕೈಕೊಡುವ ಜಾಗಗಳೂ ಇವೆ. ಎಕ್ಸ್-ರೇ, ಅಲ್ಟ್ರಾಸೌಂಡ್, ಪ್ಯಾರಾಮೆಡಿಕ್ (ಆಂಬುಲೆನ್ಸ್‌ನ ತುರ್ತು ಚಿಕಿತ್ಸಕ) ಎಲ್ಲ ಅದರಲ್ಲಿ ಒಂದೇ ಗುಂಪಿನಲ್ಲಿ ಬರುತ್ತವೆ. ಪ್ಯಾರಾಮೆಡಿಕ್ ಸಂಬಳ ಕಡಿಮೆ, ಹಾಗಾಗಿ ಗುಂಪಿನ ಅಂಕಿ ದಾರಿ ತಪ್ಪಿಸಬಹುದು. ಆಗ ಕಾರ್ಮಿಕ ಅಂಕಿಅಂಶ ಇಲಾಖೆಯ (ಬಿಎಲ್‌ಎಸ್) ಪುಟದಲ್ಲಿ ಆ ಒಂದೇ ಕೆಲಸದ, ನಿಮ್ಮ ರಾಜ್ಯದ ಸಂಬಳ ನೋಡಿ. ವಿದ್ಯಾರ್ಥಿಗಳು ತೀರಾ ಕಡಿಮೆ ಇದ್ದರೆ ಸ್ಕೋರ್‌ಕಾರ್ಡ್‌ನಲ್ಲಿ ಅಂಕಿಯ ಜಾಗ ಖಾಲಿ ಇರುತ್ತದೆ. ಬ್ಯಾಂಕಿನಿಂದ ತೆಗೆದ ಖಾಸಗಿ ಸಾಲ ಅದರ ಲೆಕ್ಕಕ್ಕೇ ಬರುವುದಿಲ್ಲ. ಹಣ ಕಟ್ಟುವ ಮುಂಚೆ ಇನ್ನೊಂದು: ಎಕ್ಸ್-ರೇ ಕೋರ್ಸಿಗೆ ಜೆಆರ್‌ಸಿಇಆರ್‌ಟಿ, ರೆಸ್ಪಿರೇಟರಿಗೆ ಕೋಆರ್ಕ್ (ಎರಡೂ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳು) ಮಾನ್ಯತೆ ಇದೆಯಾ ಅಂತ ಕೇಳಿ.