ಆಡಿಟ್ ಪೇಪರ್‌ನಲ್ಲಿ 34ರಿಂದ 58ಕ್ಕೆ ಬಂದ ನನ್ನ ಅನುಭವ

ಸಿಎ ಇಂಟರ್ ಆಡಿಟಿಂಗ್ ಪೇಪರ್‌ನಲ್ಲಿ ಮೊದಲ ಸಲ ನನಗೆ ಬಂದದ್ದು 34. ಪಾಸಾಗಲು 40 ಬೇಕು. ಎಸ್‌ಎ, ಅಂದರೆ ಆಡಿಟ್ ಹೇಗೆ ಮಾಡಬೇಕೆಂದು ಹೇಳುವ ಸ್ಟ್ಯಾಂಡರ್ಡ್‌ಗಳ ನಂಬರ್‌ಗಳೆಲ್ಲ ಬಾಯಿಪಾಠವಾಗಿದ್ದವು, ಬರೆದದ್ದೂ ಜಾಸ್ತಿಯೇ. ಆದರೂ ಯಾಕೆ ಹೋಯಿತು ಅಂತ ತುಂಬ ದಿನ ತಲೆಕೆಡಿಸಿಕೊಂಡಿದ್ದೆ.

ಆಗ ಹಾಸನದ ಒಂದು ಆಡಿಟರ್ ಆಫೀಸಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಸಕಲೇಶಪುರದ ಕಡೆಯ ಕಾಫಿ ತೋಟದ ಕಂಪನಿಯೊಂದರ ಫೈಲ್ ಕೈಗೆ ಬಂತು. ಮಾರ್ಚ್ 31ಕ್ಕೆ ಅವರ ಪಾರ್ಚ್‌ಮೆಂಟ್, ಚೆರ್ರಿ ಕಾಫಿಯ ಮೂಟೆಗಳೆಲ್ಲ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದವು.

"ಸ್ಟಾಕ್ ಲಿಸ್ಟ್ ಸರಿ ಇದೆ ಸರ್" ಅಂತ ನಮ್ಮ ಆಡಿಟರಿಗೆ ಹೇಳಿದೆ.

"ಲಿಸ್ಟ್ ಕೊಟ್ಟಿದ್ದು ಯಾರಮ್ಮಾ?"

"ಪಾರ್ಟಿಯೇ ಸರ್."

"ಮಾಲು ಯಾರ ಹತ್ತಿರ ಇದೆ?"

"ಕ್ಯೂರಿಂಗ್ ವರ್ಕ್ಸ್‌ನವರ ಹತ್ತಿರ."

"ಮತ್ತೆ ಅವರನ್ನ ಕೇಳಿದ್ಯಾ?"

ಸಂಜೆ ಮನೆಗೆ ಬಂದವಳೇ ಹಳೆಯ ಮಾಕ್ ಟೆಸ್ಟ್ ಉತ್ತರ ತೆಗೆದೆ. ಮಾಲು ಬೇರೆಯವರ ಗೋಡೌನಿನಲ್ಲಿದೆ ಎಂದು ಪ್ರಶ್ನೆಯಲ್ಲೇ ಇತ್ತು. ನಾನು ಮಾತ್ರ ಸ್ಟಾಕ್ ಅಂತ ಕಂಡ ಕೂಡಲೇ, ಎಣಿಸುವಾಗ ಆಡಿಟರ್ ಹಾಜರಿರಬೇಕು ಅಂತ ಒಂದೂವರೆ ಪುಟ ಬರೆದಿದ್ದೆ. ಅದೂ ಸ್ಟಾಕ್ ಬಗ್ಗೆ ಹೇಳುವ ಎಸ್‌ಎ 501ರ ಮಾತೇ. ಆದರೆ ಅಲ್ಲಿ ಕೇಳಿದ್ದು ಅದನ್ನಲ್ಲ. ದೊಡ್ಡ ಮೊತ್ತದ ಮಾಲು ಇನ್ನೊಬ್ಬರ ವಶದಲ್ಲಿದ್ದರೆ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಅಂತ ಅವರಿಂದಲೇ ಕನ್ಫರ್ಮೇಷನ್ ತರಿಸಬೇಕು. ಇಲ್ಲವೇ ಹೋಗಿ ನೋಡಬೇಕು, ಅಥವಾ ಸಂದರ್ಭಕ್ಕೆ ಹೊಂದುವ ಬೇರೆ ಪರಿಶೀಲನೆ ಮಾಡಬೇಕು. ಕನ್ಫರ್ಮೇಷನ್, ಪರಿಶೀಲನೆ ಎರಡನ್ನೂ ಮಾಡಿದರೂ ಸರಿ. ಮಾಲನ್ನು ಅಡವಿಟ್ಟಿದ್ದರೆ ಸಾಲ ಕೊಟ್ಟವರನ್ನೂ ಕೇಳಬಹುದು.

ಅಲ್ಲಿಂದ ಓದುವ ಕ್ರಮ ಬದಲಾಯಿಸಿದೆ. ನಾನು ಕನ್ನಡ ಮೀಡಿಯಂನವಳು, ಪರೀಕ್ಷೆ ಇಂಗ್ಲಿಷ್‌ನಲ್ಲಿ. ಪ್ರತಿ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ನನಗೇ ಹೇಳಿಕೊಳ್ಳುತ್ತಿದ್ದೆ: ಮಾಲು ಯಾರದು, ಕಾಗದ ಯಾರು ಕೊಟ್ಟರು, ಆಡಿಟರ್ ಏನು ಮಾಡಿದರು, ಏನು ಬಿಟ್ಟರು? ಇದು ತಿಳಿಯದೆ ಪೆನ್ನು ಎತ್ತುತ್ತಿರಲಿಲ್ಲ. ಉತ್ತರ ಮಾತ್ರ ಸ್ಟ್ಯಾಂಡರ್ಡ್‌ನ ಪದಗಳಲ್ಲೇ ಬರೆಯುತ್ತಿದ್ದೆ. ಆಮೇಲೆ ಸಿಎ ಇನ್ಸ್ಟಿಟ್ಯೂಟಿನ ಸಜೆಸ್ಟೆಡ್ ಆನ್ಸರ್ (ಮಾದರಿ ಉತ್ತರ) ಪಕ್ಕಕ್ಕಿಟ್ಟು ಸಾಲು ಸಾಲು ನೋಡುತ್ತಿದ್ದೆ.

ಎಸ್‌ಎ 705, ಅಂದರೆ ಲೆಕ್ಕಪತ್ರ ಪೂರ್ತಿ ಸರಿ ಅಂತ ಹೇಳಲಾಗದಾಗ ಆಡಿಟರ್ ಯಾವ ಅಭಿಪ್ರಾಯ ಕೊಡಬೇಕು ಅನ್ನುವ ಸ್ಟ್ಯಾಂಡರ್ಡ್, ನನಗೆ ಹಿಡಿದದ್ದೂ ಹೀಗೆಯೇ. ಮಳೆಗಾಲದಲ್ಲಿ ಒಂದು ಕೋಣೆ ಸೋರುತ್ತಾ, ಇಡೀ ಮನೆ ಸೋರುತ್ತಾ? ತಪ್ಪು ದೊಡ್ಡದು, ಆದರೆ ಒಂದು ಕಡೆಗೆ ನಿಂತಿದೆ ಅಂದರೆ ಕ್ವಾಲಿಫೈಡ್ (ಅದೊಂದು ಬಿಟ್ಟು ಉಳಿದದ್ದು ಸರಿ). ಲೆಕ್ಕಪತ್ರದ ತುಂಬ ಹರಡಿದ್ದರೆ ಅಡ್ವರ್ಸ್ (ಲೆಕ್ಕಪತ್ರ ಸರಿಯಿಲ್ಲ). ತಪ್ಪಿದೆಯೋ ಇಲ್ಲವೋ ಅಂತ ಹೇಳಲು ಸಾಕ್ಷ್ಯವೇ ಸಿಗದೆ, ಅದರ ಪರಿಣಾಮ ಹರಡಿರಬಹುದು ಅನ್ನಿಸಿದರೆ ಡಿಸ್ಕ್ಲೈಮರ್ (ಅಭಿಪ್ರಾಯವನ್ನೇ ಕೊಡುವುದಿಲ್ಲ). ಸಾಕ್ಷ್ಯ ಸಿಗದಿದ್ದರೂ ಒಂದೇ ಕೋಣೆಯ ಮಾತಾದರೆ ಮತ್ತೆ ಕ್ವಾಲಿಫೈಡ್.

ಹೊಸ ಸ್ಕೀಮ್‌ನಲ್ಲಿ 30 ಅಂಕ ಎಂಸಿಕ್ಯು, ತಪ್ಪಿದರೆ ಅಂಕ ಕಳೆಯುವುದಿಲ್ಲ. ಅದಕ್ಕೆ 50 ನಿಮಿಷ ಇಟ್ಟೆ. ಉಳಿದ ಐದು ಪ್ರಶ್ನೆಗಳಿಗೆ 14 ಅಂಕದಂತೆ, ತಲಾ 25 ನಿಮಿಷ. ಎರಡನೇ ಸಲ 58 ಬಂತು. ಮೊದಲ ಸಲ ಬರೆದದ್ದಕ್ಕಿಂತ ಆರು ಪುಟ ಕಡಿಮೆ ಬರೆದಿದ್ದೆ.