ಥರ್ಮಾಕೋಲಿನ ಕುರ್ಸುರಾ ತೇಲಿತು

ವಿಶಾಖಪಟ್ಟಣದ ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರಾ ನೋಡಿ ಬಂದಾಗಿನಿಂದ ಅದರ ತೇಲುವ ಮಾಡೆಲ್ ಮಾಡಬೇಕೆಂಬ ಗುಂಗು. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದ ಸಬ್‌ಮರೀನ್ ಅದು. ಉದ್ದ 91 ಮೀಟರ್. 1:48ಕ್ಕೆ, ಅಂದರೆ 48ರಲ್ಲಿ ಒಂದು ಪಾಲಿಗೆ ಇಳಿಸಿದರೂ 190 ಸೆಂ.ಮೀ., ನನಗಿಂತ ಉದ್ದ! 'ಆರಿಂಚಿನ ಪಿವಿಸಿ ಪೈಪ್ ಹಾಕು, ಥರ್ಮಾಕೋಲ್ ನೀರಲ್ಲಿ ನಿಲ್ಲಲ್ಲ' ಅಂದವರೇ ಎಲ್ಲ. ಪೈಪಿನಲ್ಲಿ ಆ ಮೂತಿಯ ತಿರುವು ಬರುವುದಿಲ್ಲ. ನಾನು ಒಪ್ಪಲಿಲ್ಲ.

ಇಂಚು ದಪ್ಪದ ಐದು ಹಾಳೆಯಲ್ಲಿ 76 ಬಿಲ್ಲೆ ಕತ್ತರಿಸಿ, ಬಿದಿರುಕೋಲಿಗೆ ಪೋಣಿಸಿ, ಉಜ್ಜಿ ಆಕಾರಕ್ಕೆ ತಂದೆ. ಅಲ್ಲಿವರೆಗೆ ಸಲೀಸು.

ಮೇಲೆ ಎಂಟು ಪದರ ಪೇಪರ್, ಮೈದಾ ಅಂಟು, ಎನಾಮಲ್. ಡ್ರಮ್ಮಿನಲ್ಲಿ ಮೂತಿ ಅದ್ದಿದ ಎರಡೇ ಗಂಟೆಗೆ ಈರುಳ್ಳಿ ಸಿಪ್ಪೆಯಂತೆ ಬಿಚ್ಚಿಕೊಂಡಿತು. ಎಲ್ಲ ಕಿತ್ತು, ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ ಬಳಿದೆ. ಥರ್ಮಾಕೋಲ್ ಕಣ್ಣೆದುರೇ ಕರಗಿ ಗುಳಿಬಿತ್ತು. ನಾಲ್ಕು ತಿಂಗಳು, ಹತ್ತಿರ ಹತ್ತಿರ 3,500 ರೂಪಾಯಿ ಹೋಯಿತು. ತುಂಬಾ ಬೇಜಾರಾಗಿತ್ತು.

ಮತ್ತೆ ಬಿಲ್ಲೆ ಕತ್ತರಿಸಿದೆ. ಈ ಸಲ ಹಳೆ ಪಂಚೆಯ ಬಟ್ಟೆ, ಅದರ ಮೇಲೆ ಎಪಾಕ್ಸಿ, ಥರ್ಮಾಕೋಲನ್ನು ಕರಗಿಸದ ರೆಸಿನ್. ಒಂದು ಸಲಕ್ಕೆ 100 ಗ್ರಾಂ ಮಾತ್ರ ಕಲಸಿ. ಜಾಸ್ತಿಯಾದರೆ ಮಗ್ಗಿನಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಪುಟ್ಟಿಗೆ ಎಪಾಕ್ಸಿಯಲ್ಲೇ ಒಂದು ಪುಡಿ ಬೆರೆಸಿದೆ. ಅದು ಯಾವುದು ಅಂತ ಮಾತ್ರ ಹೇಳಲ್ಲ. ನನ್ನ ಕುರ್ಸುರಾದಷ್ಟು ನುಣುಪಾದ ಮೂತಿ ಬೇರೆ ಮಾಡೆಲ್‌ನಲ್ಲಿ ನಾನಂತೂ ನೋಡಿಲ್ಲ.

ಟಾರ್ಪಿಡೋ (ನೀರೊಳಗೆ ಸಾಗುವ ಸ್ಫೋಟಕ) ಹಾರಿಸುವ ಟ್ಯೂಬಿನ ಬಾಯಿ 533 ಮಿ.ಮೀ.; 48ರಿಂದ ಭಾಗಿಸಿದರೆ 11. ಸ್ಕೆಚ್ ಪೆನ್ನಿನ ಮುಚ್ಚಳ ಸರಿಹೋಯಿತು. ಮುಂದೆ ಆರು, ಹಿಂದೆ ನಾಲ್ಕು. ಪೆರಿಸ್ಕೋಪಿಗೆ ಮುರಿದ ಕೊಡೆಯ ಕಡ್ಡಿ.

ನಿಜವಾದ ತಲೆನೋವು ತೂಕದ್ದು. ಅಸಲಿಯಂತೆಯೇ ನೀರಲ್ಲಿ ಇಳಿದು ತೇಲಬೇಕಾದರೆ ತೂಕವೂ ಅದೇ ಲೆಕ್ಕದಲ್ಲಿರಬೇಕು. ಅಸಲಿ ಹಡಗು ನೀರಿನ ಮೇಲೆ ಸುಮಾರು 1,950 ಟನ್. ಉದ್ದ, ಅಗಲ, ಎತ್ತರಕ್ಕೆ ಒಂದೊಂದು ಸಲದಂತೆ 48ರಿಂದ ಮೂರು ಸಲ ಭಾಗಿಸಿದರೆ ಹದಿನೇಳೂವರೆ ಕೆಜಿ. ನನ್ನದು ಬರೀ ನಾಲ್ಕು! ಗುಜರಿಯಿಂದ 12 ಎಂಎಂ ಕಬ್ಬಿಣದ ಸರಳು, ಒಂದೂವರೆ ಮೀಟರಿನ ಹತ್ತು ತುಂಡು ತಂದೆ. ಮೊದಲು ನಡುವೆ ಕೂರಿಸಿದ್ದಕ್ಕೆ ಪಕ್ಕಕ್ಕೆ ಮಗುಚಿತು. ತಳದಲ್ಲೇ ಕಾಲುವೆ ಕೊರೆದು ಹೂತ ಮೇಲೆ ನೆಟ್ಟಗೆ ನಿಂತಿತು.

ಮಧ್ಯೆ ಮುಳುಗಿಸುವ ಆಸೆಯೂ ಹುಟ್ಟಿತು. ಅದಕ್ಕೆ ಇನ್ನೂ ಐದು ಲೀಟರಿನಷ್ಟು ನೀರು ಒಳಗೆ ಬರಬೇಕು. ಎರಡಡಿ ತುಂಡಿನಲ್ಲಿ ಫುಟ್‌ಬಾಲ್ ಬ್ಲಾಡರ್, ಅಕ್ವೇರಿಯಂ ಪಂಪ್ ಇಟ್ಟು ನೋಡಿದೆ. ಡ್ರಮ್ಮಿನಲ್ಲಿ ಮುಳುಗಿ ಎದ್ದಿದೆ. ಅದು ಮುಂದಿನ ಕೆಲಸ.

ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು, ಅರ್ಧಕ್ಕಿಂತ ಜಾಸ್ತಿ ಎಪಾಕ್ಸಿಗೇ. ಮಾವನ ತೋಟದ ಕೃಷಿಹೊಂಡದಲ್ಲಿ ಮೂರು ಗಂಟೆ ಬಿಟ್ಟೆ. ಪೈಪ್ ಹಾಕು ಅಂದವರೂ ದಡದಲ್ಲಿದ್ದರು. ಎತ್ತಿ ಒರೆಸಿ, ಅಡಿಕೆ ತೂಗುವ ತಕ್ಕಡಿಗೆ ಹಾಕಿದೆವು. ಬಿಡುವ ಮೊದಲು ಎಷ್ಟಿತ್ತೋ ಅಷ್ಟೇ ತೂಕ.