ಬೊಲೆರೊಗೆ ಎರಡನೇ ಬ್ಯಾಟರಿ ಕೂರಿಸಿದ್ದು

ಮೂರು ವರ್ಷದ ಹಿಂದೆ ನಾಯಕನಹಟ್ಟಿ ಜಾತ್ರೆಗೆ ಮನೆಮಂದಿಯೆಲ್ಲ ನಮ್ಮ ಹಳೇ ಬೊಲೆರೊದಲ್ಲಿ ಹೋಗಿ, ಊರಾಚೆ ಹೊಲದಲ್ಲಿ ಬಿಡಾರ ಹೂಡಿದ್ದೆವು. ಫಾಲ್ಗುಣದ ಸೆಕೆ. ಅವ್ವನಿಗೆ ಗಾಳಿ ಇಲ್ಲದೆ ನಿದ್ದೆ ಹತ್ತೋದಿಲ್ಲ. ಗಾಡಿಯ ಬ್ಯಾಟರಿಗೇ ಫ್ಯಾನು, ದೀಪ ಸಿಗಿಸಿದ್ದೆ. ಎರಡನೇ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಬರೀ ಟಕ್ ಟಕ್ ಅಂತು. ಪಕ್ಕದ ಬಿಡಾರದವರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು.

ಗಾಡಿಯ ಬ್ಯಾಟರಿ ಇರೋದು ಸೆಲ್ಫ್ ಹೊಡೆಯೋಕೆ. ಅದರ ಪ್ಲೇಟು ತೆಳು, ರಾತ್ರಿಯಿಡೀ ಹಿಂಡಿದರೆ ಬೇಗ ಸಾಯುತ್ತದೆ. ಊರಿಗೆ ಬಂದು ಲೆಕ್ಕ ಹಾಕಿದೆ: 20 ವ್ಯಾಟ್ ಫ್ಯಾನು ಎಂಟು ಗಂಟೆ, 10 ವ್ಯಾಟ್ ದೀಪ ನಾಲ್ಕು ಗಂಟೆ, ನಾಲ್ಕು ಮೊಬೈಲ್ ಚಾರ್ಜು. ಒಟ್ಟು 260 ವ್ಯಾಟ್-ಅವರ್, ಅಂದರೆ 12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 22 ಆಂಪ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ 65 ಆಂಪ್-ಅವರ್‌ನ ಸೀಲ್ಡ್ ಯುಪಿಎಸ್ ಬ್ಯಾಟರಿ ತಂದೆ. ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಜನ ಮಲಗೋ ಜಾಗದಲ್ಲಿ ಅದು ಬೇಡವೇ ಬೇಡ.

ಎರಡು ಬ್ಯಾಟರಿ ನಡುವೆ ವೋಲ್ಟೇಜ್ ನೋಡಿಕೊಂಡು ಕೆಲಸ ಮಾಡುವ ರಿಲೇ, ಅಂದರೆ ತನ್ನಷ್ಟಕ್ಕೇ ಕೂಡಿಸಿ ಬಿಡಿಸುವ ಸ್ವಿಚ್ಚು, ಹಾಕಿದೆ. ಎಂಜಿನ್ ಓಡಿ 13.3 ವೋಲ್ಟ್ ದಾಟಿದರೆ ಕೂಡಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಗಾಡಿಯ ಹಿಂಭಾಗದಲ್ಲಿ ಕೂರಿಸಿದ ಹೊಸ ಬ್ಯಾಟರಿ ಎಷ್ಟೇ ಬರಿದಾದರೂ ಮುಂದಿರುವ ಸೆಲ್ಫಿನ ಬ್ಯಾಟರಿಗೆ ಕೈ ಹಾಕೋದಿಲ್ಲ.

ಎಡವಿದ್ದು ವೈರಿನಲ್ಲಿ. ದುರ್ಗದ ವೈರಿಂಗ್ ಅಂಗಡಿಯವರು, "ಅಣ್ಣಾ, ಇಷ್ಟು ಉದ್ದಕ್ಕೆ ಇದು ಸಣ್ಣ ಆಗುತ್ತೆ" ಅಂತ ಹೇಳಿದ್ದರು. ದುಡ್ಡು ನೋಡಿಕೊಂಡು ನಾನೇ 6 ಚದರ ಮಿಲಿಮೀಟರಿನದು ಎಳೆಸಿದೆ. ಹಿರಿಯೂರಿಗೆ ಹೋಗಿ ಬಂದರೂ ಹಿಂದಿನ ಬ್ಯಾಟರಿ ತುಂಬಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದೆ: ಮುಂದೆ 14.1, ಹಿಂದೆ 13.5. ಹಿಂದಕ್ಕೆ ಐದು ಮೀಟರ್, ನೆಗೆಟಿವ್ ವಾಪಸ್ ಐದು ಮೀಟರ್. ಹತ್ತು ಮೀಟರ್ ತಾಮ್ರದಲ್ಲಿ 20 ಆಂಪ್ ಹರಿದರೆ ಅರ್ಧ ವೋಲ್ಟಿಗೂ ಮೇಲೆ ದಾರಿಯಲ್ಲೇ ಹೋಗುತ್ತದೆ. 16 ಚದರ ಮಿಲಿಮೀಟರ್ ಆದರೆ ಹೋಗೋದು ಕಾಲು ವೋಲ್ಟಿಗೂ ಕಮ್ಮಿ. ಪೂರ್ತಿ ಬಿಚ್ಚಿ ಹೊಸದಾಗಿ ಎಳೆದೆವು.

ಈ ಸಲ ವೈರಿನ ತುದಿಗೆ ಹಾಕುವ ಪ್ರತಿ ಲಗ್ಗನ್ನೂ (ತಾಮ್ರದ ಬಳೆ) ಕ್ರಿಂಪ್ ಮಾಡಿದ, ಅಂದರೆ ಒತ್ತಿ ಬಿಗಿ ಮಾಡಿದ ಮೇಲೆ ಮೊಣಕಾಲು ಊರಿ ಜಗ್ಗಿ ನೋಡಿದೆ. ಒಂದು ಕಿತ್ತು ಕೈಗೆ ಬಂತು. ನೋಡಿದರೆ ಎಳೆಗಳಲ್ಲಿ ನಾಲ್ಕೈದು ಒಳಗೆ ಹೋಗದೆ ಹೊರಗೇ ಮಡಚಿಕೊಂಡಿದ್ದವು. ಹಾಗೇ ಬಿಟ್ಟಿದ್ದರೆ ಅಲ್ಲೇ ಕಾದು ಸುಡುತ್ತಿತ್ತು. ತಗಡು ದಾಟುವಲ್ಲಿ ರಬ್ಬರ್ ಬುಶ್, ಉದ್ದಕ್ಕೂ ಫ್ಲೆಕ್ಸಿಬಲ್ ಪೈಪು. ಪಾಸಿಟಿವ್ ವೈರಿನ ಎರಡೂ ತುದಿಯಲ್ಲಿ, ಬ್ಯಾಟರಿಯಿಂದ ಗೇಣು ದೂರದೊಳಗೆ 60 ಆಂಪ್ ಫ್ಯೂಸು. ಒಂದೇ ಸಾಕು ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ವೈರು ನಡುವೆ ಎಲ್ಲಾದರೂ ಸವೆದು ಗಾಡಿಯ ತಗಡಿಗೆ ತಗುಲಿದರೆ ಬೆಂಕಿಗೆ ಎರಡೂ ಕಡೆಯಿಂದ ಕರೆಂಟು ಬರುತ್ತದೆ.

ಹಿಂದಿನ ಬ್ಯಾಟರಿಯ ಮೀಟರು 12.1 ವೋಲ್ಟ್, ಅಂದರೆ ಸುಮಾರು ಅರ್ಧ ಖಾಲಿ, ತೋರಿಸಿತೋ, ಫ್ಯಾನು ಬಂದ್. ಅರ್ಧ ಗಂಟೆ ಓಡಿಸಿದರೆ ತುಂಬೋದಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಮನೆಯಲ್ಲಿ ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡುತ್ತೇನೆ.

ದಾವಣಗೆರೆಯ ನಮ್ಮ ಅಳಿಯ ತನ್ನ ಹೊಸ ಗಾಡಿಗೂ ಹೀಗೇ ಮಾಡಿಕೊಡು ಮಾವ ಅಂದ. ಅದರ ಡೈನಮೋ ಡೀಸೆಲ್ ಉಳಿಸೋಕೆ ಆಗಾಗ ವೋಲ್ಟೇಜ್ ಇಳಿಸುತ್ತದೆ, ರಿಲೇ ನಡುದಾರಿಯಲ್ಲೇ ಬಿಡಿಸಿಬಿಡುತ್ತದೆ. ಅವನಿಗೆ ಡಿಸಿ-ಡಿಸಿ ಚಾರ್ಜರೇ ಹಾಕಿಸಿದ್ದು; ಮುಂದಿನ ವೋಲ್ಟೇಜ್ ಇಳಿದರೂ ಅದು ಏರಿಸಿ ಹಿಂದಿನ ಬ್ಯಾಟರಿಗೆ ಕೊಡುತ್ತದೆ.